ಮನೆಯಲ್ಲಿ ಸೀಸದ ಎರಕ: ಹೊಸಬನು ಮೊದಲು ಕೊಳ್ಳಬೇಕಾದ ಸಲಕರಣೆ

ಎರಕ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ತಂದೆಯನ್ನೇ ಹೋಲುವ ಮಗನನ್ನು ಕಂಡರೆ ಎರಕ ಹೊಯ್ದಂತಿದ್ದಾನೆ ಎನ್ನುತ್ತೇವೆ. ಲೋಹವನ್ನು ಕರಗಿಸಿ, ಅಚ್ಚಿಗೆ ಹೊಯ್ದು, ಆರಿದ ಮೇಲೆ ಬೇಕಾದ ರೂಪವನ್ನು ಪಡೆಯುವ ಈ ವಿದ್ಯೆ ನಮ್ಮಲ್ಲಿ ಕಂಚುಗಾರರ ಕುಲುಮೆಗಳಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಈ ದಿನ ನಾವು ಹೇಳಲು ಹೊರಟಿರುವುದು ಈ ವಿದ್ಯೆಯ ಒಂದು ಚಿಕ್ಕ ಶಾಖೆಯನ್ನು ಕುರಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೇಟೆಯಾಡುವವರೂ ಗುರಿ ಹೊಡೆಯುವ ವಿನೋದದಲ್ಲಿ ತೊಡಗಿದವರೂ ಅನೇಕರು ತಮ್ಮ ಕೋವಿಗೆ ಬೇಕಾದ ಸೀಸದ ಗುಂಡುಗಳನ್ನು ತಮ್ಮ ಮನೆಯಲ್ಲಿಯೇ ಎರೆದುಕೊಳ್ಳುತ್ತಾರೆ. ಆ ಕೆಲಸವನ್ನು ಹೊಸದಾಗಿ ಕೈಗೊಳ್ಳುವವನು ಯಾವ ಸಲಕರಣೆಯನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಮೊದಲು ಕೊಳ್ಳಬೇಕು ಎಂಬುದೇ ನಮ್ಮ ಈ ಭಾಷಣದ ವಿಷಯ.

ಇದನ್ನು ಕೇಳಿ ಯಾರೂ ನಾಳೆಯೇ ಒಲೆ ಹೂಡಬಾರದು. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಅಪರಾಧ. ಅಮೆರಿಕದಲ್ಲಿಯಾದರೋ, ಮಾರುವುದಕ್ಕಾಗಿ ತಯಾರಿಸುವವನಿಗೆ ಪರವಾನಗಿ ಬೇಕು. ತನ್ನ ಸ್ವಂತದ ಉಪಯೋಗಕ್ಕೆ ಎರೆದುಕೊಳ್ಳುವವನಿಗೆ ಸಾಮಾನ್ಯವಾಗಿ ಬೇಕಿಲ್ಲ. ಆದುದರಿಂದಲೇ ಅಲ್ಲಿ ಇದು ಗೃಹಕೃತ್ಯದಂತೆ ಬೆಳೆದಿದೆ. ಆದರೂ ಈ ವಿಷಯದಲ್ಲಿ ನಾವು ಕಲಿಯಬೇಕಾದ ಒಂದು ಪಾಠವಿದೆ. ಗಾಳಕ್ಕೆ ಕಟ್ಟುವ ಸೀಸದ ತುಂಡನ್ನು ಎರೆಯುವವನಿಗೂ, ಹಳೆಯ ಬ್ಯಾಟರಿಗಳ ಸೀಸವನ್ನು ಕರಗಿಸುವ ಕೂಲಿಗಾರನಿಗೂ ಆ ಪಾಠ ಒಂದೇ.

ಈ ಮನೆಗೆಲಸ ಎಷ್ಟು ಹಳೆಯದು ಎಂಬುದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವಿದೆ. 1776ನೆಯ ಇಸವಿ ಜುಲೈ 9ನೆಯ ತಾರೀಖು ನ್ಯೂಯಾರ್ಕ್ ನಗರದಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಸೈನಿಕರಿಗೆ ಓದಿ ಹೇಳಿದರು. ಅದೇ ದಿನ ಜನರು ಗುಂಪುಕೂಡಿ ಬೌಲಿಂಗ್ ಗ್ರೀನ್ ಎಂಬಲ್ಲಿದ್ದ ಮೂರನೆಯ ಜಾರ್ಜ್ ದೊರೆಯ ಪ್ರತಿಮೆಯನ್ನು ಹಗ್ಗ ಹಾಕಿ ಕೆಡವಿದರು. 1770ರಲ್ಲಿ ನಿಲ್ಲಿಸಿದ ಆ ಪ್ರತಿಮೆಯ ಹೊರಗೆ ಚಿನ್ನದ ಲೇಪ, ಒಳಗೆಲ್ಲ ಸೀಸ. ಆ ಸೀಸದ ಬಹುಭಾಗ ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡ್ ಎಂಬ ಊರಿಗೆ ಹೋಯಿತು. ಅಲ್ಲಿ ಆಲಿವರ್ ವೂಲ್ಕಾಟ್ ಎಂಬ ಮುಖಂಡನ ಮನೆಯವರೂ ನೆರೆಹೊರೆಯವರೂ ಸೇರಿ ಅದನ್ನು ಕರಗಿಸಿ ಗುಂಡುಗಳನ್ನು ಎರೆದರು. ಯಾರು ಎಷ್ಟು ಎರೆದರೆಂಬ ಲೆಕ್ಕ ಉಳಿದುಬಂದಿದೆ, ಒಟ್ಟು 42,088. ಅದರಲ್ಲಿ ರೂತ್ ಮಾರ್ವಿನ್ ಎಂಬಾಕೆಯದು 11,592. ವೂಲ್ಕಾಟನ ಮಗಳು ಮೇರಿ ಆ್ಯನ್ ಎರೆದುದು 10,790. ಅವಳ ಅಕ್ಕ ಲಾರಾ ಎರೆದುದು 8,378. ಇನ್ನೂ ಹತ್ತು ವರ್ಷ ತುಂಬದ ತಮ್ಮ ಫ್ರೆಡರಿಕ್ 936 ಗುಂಡುಗಳನ್ನು ಎರೆದನು. ಆ ಜನರ ದೇಶಾಭಿಮಾನವನ್ನು ಚರಿತ್ರೆ ಕೊಂಡಾಡಿದೆ, ಅದು ನ್ಯಾಯವೇ. ಆದರೆ ಸೀಸದ ಗುಣವನ್ನು ಬಲ್ಲ ಇಂದಿನವರಿಗೆ, ಆ ಲೆಕ್ಕದಲ್ಲಿರುವ ಹುಡುಗನ ಹೆಸರನ್ನು ಓದುವಾಗ ಮನಸ್ಸು ಸ್ವಲ್ಪ ಅಳುಕುವುದು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಈಗ ಲೋಹದ ವಿಚಾರ. ಸೀಸವು 327 ಡಿಗ್ರಿ ಸೆಂಟಿಗ್ರೇಡಿಗೆ ಕರಗುತ್ತದೆ. ಕಬ್ಬಿಣ, ತಾಮ್ರಗಳಿಗೆ ಬೇಕಾಗುವ ತಿದಿ, ಮೂಸೆ, ಇದ್ದಲುಗಳ ಆಡಂಬರ ಇದಕ್ಕೆ ಬೇಡ; ಸಾಧಾರಣವಾದ ಒಲೆಯ ಉರಿಯೇ ಸಾಕು. ಈ ಸೌಲಭ್ಯವೇ ಅದನ್ನು ಮನೆಯೊಳಕ್ಕೆ ತಂದಿತು. ಆದರೆ ಅಪ್ಪಟ ಸೀಸ ಬಹಳ ಮೆದು. ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಆದುದರಿಂದ ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸುವುದುಂಟು. ತವರವು ಕರಗಿದ ಲೋಹಕ್ಕೆ ಹರಿಯುವ ಗುಣವನ್ನು ಕೊಟ್ಟು, ಅಚ್ಚಿನ ಮೂಲೆಮೂಲೆಯನ್ನೂ ತುಂಬುವಂತೆ ಮಾಡುತ್ತದೆ. ಆಂಟಿಮನಿ ಗಡಸುತನವನ್ನು ಕೊಡುತ್ತದೆ. ನೂರರಲ್ಲಿ 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮನಿ, ಇದು ಹೆಸರಾದ ಒಂದು ಮಿಶ್ರಣ. ಮುದ್ರಣಾಲಯಗಳಲ್ಲಿ ಲೈನೋಟೈಪ್ ಯಂತ್ರಕ್ಕೆ ಬಳಸುತ್ತಿದ್ದ ಲೋಹದಲ್ಲಿ ಆಂಟಿಮನಿ ಸುಮಾರು 12 ಪಾಲು, ತವರ ಸುಮಾರು 4 ಪಾಲು ಇರುತ್ತಿತ್ತು. ಅಕ್ಷರಗಳನ್ನು ಎರೆದ ಲೋಹವನ್ನು ಗುಂಡು ಎರೆಯುವವರು ಹುಡುಕಿಕೊಂಡು ಹೋಗುವುದು ವಿಚಿತ್ರವಾದರೂ ನಿಜ.

ಬಹುಮಂದಿ ಹೊಸಬರು ಲೋಹವನ್ನು ಕೊಳ್ಳುವುದಿಲ್ಲ. ಹಳೆಯ ಸಾಮಾನಿನಿಂದ ಸಂಗ್ರಹಿಸುತ್ತಾರೆ. ಮೋಟಾರು ಗಾಡಿಯ ಚಕ್ರವು ಸಮತೂಕದಿಂದ ತಿರುಗಲೆಂದು ಅದರ ಅಂಚಿಗೆ ಸಿಕ್ಕಿಸುವ ಚಿಕ್ಕ ತೂಕದ ತುಂಡುಗಳು ಅವರಿಗೆ ಬಹುಕಾಲ ಕಾಮಧೇನುವಿನಂತಿದ್ದವು. ಈಚೆಗೆ ಆ ತುಂಡುಗಳನ್ನು ಸತುವಿನಿಂದಲೂ ಉಕ್ಕಿನಿಂದಲೂ ಮಾಡುತ್ತಿದ್ದಾರೆ. ಕ್ಯಾಲಿಫೋರ್ನಿಯಾ ಪ್ರಾಂತವು 2010ರಿಂದ ಸೀಸದವನ್ನು ನಿಷೇಧಿಸಿದೆ. ಸತು ಸ್ವಲ್ಪ ಬೆರೆತರೂ ಸೀಸ ಗಂಜಿಯಂತೆ ಮಂದವಾಗಿ ಅಚ್ಚನ್ನು ಸರಿಯಾಗಿ ತುಂಬದು. ಪುಣ್ಯಕ್ಕೆ ಸತು ಕರಗುವುದು 419 ಡಿಗ್ರಿಗೆ. ಪಾತ್ರೆಯ ಶಾಖವು ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಸೀಸವು ಕರಗಿ, ಸತುವಿನ ತುಂಡುಗಳು ಕರಗದೆ ಮೇಲೆ ತೇಲುತ್ತವೆ, ಸೌಟಿನಿಂದ ತೆಗೆದುಹಾಕಬಹುದು. ಇಷ್ಟು ಮಾಡುವುದಕ್ಕೆ ಶಾಖ ಎಷ್ಟೆಂದು ತಿಳಿಯಬೇಕು. ತಿಳಿಯುವುದಕ್ಕೆ ಉಷ್ಣಮಾಪಕ ಬೇಕು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಬ್ಯಾಟರಿಯ ಸೀಸವನ್ನಂತೂ ಹೊಸಬನೂ ಮುಟ್ಟಬಾರದು, ಹಳಬನೂ ಮುಟ್ಟಬಾರದು. ಅದರಲ್ಲಿ ಆಮ್ಲವಿದೆ, ಅದರ ಕಿಟ್ಟದಿಂದ ಪ್ರಾಣಾಂತಿಕವಾದ ವಿಷವಾಯು ಹುಟ್ಟಬಹುದು.

ಸಲಕರಣೆಗಳಲ್ಲಿ ಮೊದಲನೆಯದು ಕರಗಿಸುವ ಪಾತ್ರೆ. ಇದರಲ್ಲಿ ಮೂರು ಬಗೆ. ಬೀಡುಕಬ್ಬಿಣದ ಪಾತ್ರೆಯನ್ನು ಒಲೆಯ ಮೇಲಿಟ್ಟು ಸೌಟಿನಿಂದ ಹೊಯ್ಯುವುದು ಒಂದು. ವಿದ್ಯುತ್ತಿನಿಂದ ಕಾಯುವ ಪಾತ್ರೆಯಿಂದ ಸೌಟಿನಲ್ಲಿಯೇ ಹೊಯ್ಯುವುದು ಎರಡನೆಯದು. ತಳದಲ್ಲಿ ತೂಬಿದ್ದು, ಹಿಡಿಯನ್ನೆತ್ತಿದರೆ ಲೋಹ ಅಚ್ಚಿಗೆ ಇಳಿಯುವ ವಿದ್ಯುತ್ ಪಾತ್ರೆ ಮೂರನೆಯದು. ಮೊದಲನೆಯದು ಅಗ್ಗ, ಆದರೆ ಶಾಖ ಕೈಗೆ ಸಿಗುವುದಿಲ್ಲ. ಮೂರನೆಯದು ಶೀಘ್ರ, ಆದರೆ ಅದರ ತೂಬಿನಲ್ಲಿ ಕಸ ಸಿಕ್ಕಿ ಲೋಹ ತೊಟ್ಟಿಕ್ಕುವ ಉಪದ್ರವ ಹೆಚ್ಚು. ಅಂಗಡಿಗಳಲ್ಲಿ ದೊರೆಯುವ ವಿದ್ಯುತ್ ಪಾತ್ರೆಗಳಲ್ಲಿ ಚಿಕ್ಕದು ಸುಮಾರು ನಾಲ್ಕೂವರೆ ಕಿಲೋಗ್ರಾಂ, ದೊಡ್ಡದು ಸುಮಾರು 9 ಕಿಲೋಗ್ರಾಂ ಸೀಸವನ್ನು ಹಿಡಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಶಾಖವನ್ನು ತಾನೇ ಕಾಯ್ದುಕೊಳ್ಳುವ ಏರ್ಪಾಡುಳ್ಳ ದೊಡ್ಡ ಪಾತ್ರೆಯೊಂದನ್ನು ಕೊಂಡು, ಮೊದಲ ಕೆಲವು ತಿಂಗಳು ಸೌಟಿನಿಂದಲೇ ಹೊಯ್ಯುವುದು ಲೇಸು. ಹೆಚ್ಚು ಲೋಹವಿದ್ದಷ್ಟೂ ಶಾಖ ಏರಿಳಿಯದೆ ನಿಲ್ಲುತ್ತದೆ. ಅಗ್ಗವೆಂದು ಪಾತ್ರೆಯಲ್ಲಿ ಉಳಿಸಿದ ಹಣವು ಕೆಟ್ಟ ಗುಂಡುಗಳ ರೂಪದಲ್ಲಿ ಮತ್ತೆ ಪಾತ್ರೆಗೇ ಬೀಳುವುದು.

ಆದರೆ ಹಳೆಯ ಕೊಳೆ ಸಾಮಾನನ್ನು ಈ ಪಾತ್ರೆಯಲ್ಲಿ ಕರಗಿಸಬಾರದು. ಅದಕ್ಕೆ ಬೇರೆಯಾದ ಒಂದು ಬೀಡುಕಬ್ಬಿಣದ ಪಾತ್ರೆ ಬೇಕು. ಅದರಲ್ಲಿ ಕರಗಿಸಿ, ಕಿಟ್ಟ ತೆಗೆದು, ಗಟ್ಟಿಗಳಾಗಿ ಎರೆದಿಟ್ಟುಕೊಂಡು, ಶುದ್ಧವಾದ ಗಟ್ಟಿಯನ್ನು ಮಾತ್ರ ಎರಕದ ಪಾತ್ರೆಗೆ ಹಾಕಬೇಕು. ಲೋಹವನ್ನು ಶುದ್ಧಿಮಾಡಲು ಜೇನುಮೇಣದ ತುಣುಕನ್ನೋ ಒಣ ಮರದ ಪುಡಿಯನ್ನೋ ಹಾಕಿ ಕಲಕುತ್ತಾರೆ. ನಮ್ಮ ಬೀದಿಗಳಲ್ಲಿ ಕಲಾಯಿ ಹಾಕುವವನು ಕಾದ ಪಾತ್ರೆಗೆ ನವಸಾಗರವನ್ನು ಉದುರಿಸಿ ತವರವನ್ನು ಒರೆಸುತ್ತಿದ್ದುದನ್ನು ಶ್ರೋತೃಗಳಲ್ಲಿ ಹಿರಿಯರು ಬಲ್ಲರು. ನವಸಾಗರ ತಾಮ್ರದ ಮೈಯನ್ನು ಶುದ್ಧಿಮಾಡಿದರೆ, ಇಲ್ಲಿ ಮೇಣವು ಮೇಲೆ ಕೆನೆಗಟ್ಟಿದ ತವರ ಸೀಸಗಳನ್ನು ಮತ್ತೆ ಲೋಹಕ್ಕೆ ಸೇರಿಸಿ, ಬರಿಯ ಕಸವನ್ನು ಬೇರೆಮಾಡುತ್ತದೆ.

ಎರಡನೆಯದು ಅಚ್ಚು. ಅಚ್ಚನ್ನು ಕೊಳ್ಳುವ ಮೊದಲು ತನ್ನ ಕೋವಿಯ ನಳಿಗೆಯ ಒಳ ಅಳತೆಯನ್ನು ತಿಳಿದಿರಬೇಕು. ಗುಂಡು ನಳಿಗೆಗಿಂತ ಅಂಗುಲದ ಸಾವಿರದಲ್ಲೊಂದು ಪಾಲು ದಪ್ಪವಾಗಿರಬೇಕೆಂಬುದು ರೂಢಿಯಾದ ನಿಯಮ. ನಳಿಗೆ 0.357 ಅಂಗುಲವಿದ್ದರೆ ಗುಂಡು 0.358 ಅಂಗುಲ. ಗುಂಡು ತೆಳುವಾದರೆ ಹಿಂದಿನ ಕಾದ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ, ಗುರಿಯೂ ಕೆಡುತ್ತದೆ. ಅಳತೆ ನೋಡದೆ ಅಚ್ಚನ್ನು ಕೊಳ್ಳುವುದು ಕಾಲನ್ನು ಬಿಟ್ಟು ಚಪ್ಪಲಿಯನ್ನು ಕೊಂಡಂತೆ.

ಅಚ್ಚುಗಳು ಕಬ್ಬಿಣದಲ್ಲಿಯೂ ಹಿತ್ತಾಳೆಯಲ್ಲಿಯೂ ಅಲ್ಯುಮಿನಿಯಮ್ಮಿನಲ್ಲಿಯೂ ದೊರೆಯುತ್ತವೆ. ಕಬ್ಬಿಣದ್ದು ಬಾಳಿಕೆ ಬರುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಕಾಯುವುದಕ್ಕೆ ಹೊತ್ತು ಬೇಕು. ಹಿತ್ತಾಳೆಯದು ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಭಾರ ಮತ್ತು ಬೆಲೆ ಎರಡೂ ಹೆಚ್ಚು. ಅಲ್ಯುಮಿನಿಯಮ್ಮಿನದು ಹಗುರ, ಅಗ್ಗ, ಬೇಗನೆ ಕಾಯುವುದು. ಒರಟು ಕೈಯನ್ನು ಮಾತ್ರ ತಾಳದು. ಒಂದೇ ಸಲಕ್ಕೆ ಆರು ಗುಂಡು ಬೀಳುವ ಅಚ್ಚುಗಳೂ ಉಂಟು. ಹೊಸಬನಿಗೆ ಎರಡು ಗುಂಡಿನ ಅಲ್ಯುಮಿನಿಯಮ್ ಅಚ್ಚೇ ತಕ್ಕದು. ಆರು ಕುಳಿಯ ಅಚ್ಚಿನಲ್ಲಿ ತಪ್ಪು ನಡೆದರೆ ಯಾವ ಕಾರಣದಿಂದ ನಡೆಯಿತೆಂದು ತಿಳಿಯುವುದು ಕಷ್ಟ. ಎರಡರಲ್ಲಿ ಗುಂಡೇ ಕಾರಣವನ್ನು ಹೇಳುತ್ತದೆ. ಗುಂಡಿನ ಮೈ ಸುಕ್ಕುಗಟ್ಟಿದ್ದರೆ ಅಚ್ಚು ಇನ್ನೂ ಕಾದಿಲ್ಲ ಅಥವಾ ಅದರಲ್ಲಿ ಎಣ್ಣೆಯ ಪಸೆಯಿದೆ. ಮೈಮೇಲೆ ಮಂಜು ಕವಿದಂತೆ ಬೆಳ್ಳಗಿದ್ದರೆ ಶಾಖ ಮಿತಿಮೀರಿದೆ. ಅಂಚುಗಳು ದುಂಡಗಾಗಿದ್ದರೆ ಲೋಹ ಪೂರ್ತಿ ತುಂಬಿಲ್ಲ. ಸಾಮಾನ್ಯವಾಗಿ 370ರಿಂದ 400 ಡಿಗ್ರಿಯೊಳಗೆ ಲೋಹವಿದ್ದು, ಒಂದೇ ತಾಳದಲ್ಲಿ ಕೈ ನಡೆದರೆ ಗುಂಡು ಸರಿಯಾಗಿ ಬೀಳುತ್ತದೆ. ಮೊದಲ ಹತ್ತಿಪ್ಪತ್ತು ಗುಂಡುಗಳು ಪಾತ್ರೆಗೆ ಹಿಂದಿರುಗುವುದು ಸಹಜ. ದೋಸೆಯ ಹೆಂಚಿನ ಮೊದಲ ದೋಸೆಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಅಚ್ಚಿನ ಬಾಯಿಯ ಮೇಲೆ ಒಂದು ತಿರುಗುವ ತಗಡಿರುತ್ತದೆ. ಅದರ ಮೇಲೆ ಸ್ವಲ್ಪ ಲೋಹ ಕೆರೆಯಂತೆ ನಿಲ್ಲುವಷ್ಟು ಹೊಯ್ಯಬೇಕು. ಸೀಸ ಆರುವಾಗ ಕುಗ್ಗುವುದರಿಂದ ಒಳಗಿನ ಗುಂಡು ಆ ಕೆರೆಯಿಂದ ಲೋಹವನ್ನು ಎಳೆದುಕೊಂಡು ತುಂಬಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ತಗಡನ್ನು ಮರದ ಕೊಡತಿಯಿಂದ ತಟ್ಟಿ ತಿರುಗಿಸಬೇಕು. ಅಚ್ಚಿನ ಮೈಯನ್ನು ಎಂದಿಗೂ ಹೊಡೆಯಬಾರದು. ಉಳಿದುವು ಚಿಕ್ಕ ಸಾಮಾನುಗಳು: ಒಂದು ಉಷ್ಣಮಾಪಕ, ಗಟ್ಟಿ ಎರೆಯುವ ಒಂದು ಅಚ್ಚು, ಕಿಟ್ಟ ತೆಗೆಯುವ ಒಂದು ಸೌಟು, ಕಿಟ್ಟವನ್ನು ಹಾಕಿ ಮುಚ್ಚಿಡಲು ಮುಚ್ಚಳವಿರುವ ಒಂದು ಡಬ್ಬ. ಗುಂಡಿನ ಅಳತೆಯನ್ನು ತಿದ್ದುವ ಬೆಲೆಯುಳ್ಳ ಯಂತ್ರಗಳು, ಮೈಗೆ ಮೇಣ ಹಿಡಿಸುವ ಒತ್ತುಯಂತ್ರಗಳು ಮೊದಲಾದುವನ್ನು ಮೊದಲ ವರ್ಷ ಕೊಳ್ಳಬೇಕಾದ ಅಗತ್ಯವಿಲ್ಲ. ಅಳತೆಗೆ ಸರಿಯಾದ ಅಚ್ಚನ್ನು ಆರಿಸಿ, ಗುಂಡುಗಳನ್ನು ದ್ರವರೂಪದ ಲೇಪದಲ್ಲಿ ಹೊರಳಿಸಿ ಒಣಗಿಸಿದರೆ ಸಾಧಾರಣ ವೇಗದ ಗುಂಡಿಗೆ ಅಷ್ಟೇ ಸಾಕು.

ಇಲ್ಲಿಗೆ ಅಂಗಡಿಯ ಪಟ್ಟಿ ಮುಗಿಯಿತು. ಆದರೆ ಸಲಕರಣೆಗಳ ಪಟ್ಟಿ ಮುಗಿಯಲಿಲ್ಲ. ಮುಖ್ಯವಾದುವು ಈಗ ಬರುತ್ತವೆ.

ಈ ಕೆಲಸದಲ್ಲಿ ಎರಡು ಅಪಾಯಗಳಿವೆ. ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ಕಾಣದ್ದು. ಕಾಣುವುದು ನೀರಿನ ಅಪಾಯ. ಕರಗಿದ ಸೀಸದೊಳಕ್ಕೆ ಒಂದು ಹನಿ ನೀರು ಇಳಿದರೆ ಅದು ತಟಕ್ಕನೆ ಉಗಿಯಾಗಿ ಸಾವಿರದ ಆರುನೂರು ಪಾಲಿಗೂ ಮೀರಿ ಹಿಗ್ಗುತ್ತದೆ. ಪಾತ್ರೆಯ ಲೋಹವೆಲ್ಲ ಮುಖಕ್ಕೆ ಹಾರುತ್ತದೆ. ಒದ್ದೆಯಾದ ಗಟ್ಟಿ, ಬೆವರಿನ ಹನಿ, ತೊಳೆದು ಒರೆಸದ ಸೌಟು, ಇವುಗಳಲ್ಲಿ ಯಾವುದೊಂದಾದರೂ ಸಾಕು. ಆದುದರಿಂದ ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ತೊಗಲಿನ ಕೈಗವಸು, ಮುಚ್ಚಿದ ಪಾದರಕ್ಷೆ, ಉದ್ದ ತೋಳಿನ ಹತ್ತಿಯ ಬಟ್ಟೆ, ಇವು ಅಲಂಕಾರಗಳಲ್ಲ. ಸೀಸವನ್ನು ಕರಗಿಸುವ ಸ್ಥಳದ ಹತ್ತಿರ ಕುಡಿಯುವ ನೀರಿನ ಲೋಟವೂ ಇರಬಾರದು.

ಕಾಣದ ಅಪಾಯ ಸೀಸದ ವಿಷ. ಪಾತ್ರೆಯಿಂದ ಏಳುವ ಆವಿಯೇ ವಿಷವೆಂದು ಸಾಮಾನ್ಯರು ತಿಳಿಯುತ್ತಾರೆ. ಸೀಸ ಕುದಿಯುವುದು 1,749 ಡಿಗ್ರಿಗೆ. 400 ಡಿಗ್ರಿಯಲ್ಲಿ ಅದರಿಂದ ಏಳುವ ಆವಿ ಅತ್ಯಲ್ಪ. ಗಾಳಿಯಾಡುವ ಸ್ಥಳ ಅವಶ್ಯವೇ ಸರಿ. ಆದರೆ ನಿಜವಾದ ಶತ್ರು ಧೂಳು. ಪಾತ್ರೆಯ ಮೇಲೆ ಕೆನೆಗಟ್ಟುವ ಬೂದುಬಣ್ಣದ ಕಿಟ್ಟ ಒಣಗಿ ನುಣ್ಣನೆಯ ಪುಡಿಯಾಗುತ್ತದೆ. ಅದು ಬೆರಳಿಗಂಟಿ ಬಾಯಿಗೆ ಹೋಗುತ್ತದೆ. ಬಟ್ಟೆಗಂಟಿ ಮನೆಗೆ ಹೋಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆ ಈ ಕೆಲಸಕ್ಕೆ ಹೊಂದದು. ಇಲ್ಲಿ ಕೈಯ ಕೆಸರೇ ಬಾಯಿಗೆ ಬರುವುದು.

ಇದು ಇಂದಿನ ವೈದ್ಯರು ಹೊಸದಾಗಿ ಕಂಡುಹಿಡಿದ ಸಂಗತಿಯೂ ಅಲ್ಲ. ಅಮೆರಿಕದ ಮಹಾಪುರುಷನಾದ ಬೆಂಜಮಿನ್ ಫ್ರಾಂಕ್ಲಿನ್ ಯೌವನದಲ್ಲಿ ಲಂಡನ್ನಿನ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದನು. ಚಳಿಗಾಲದಲ್ಲಿ ಸೀಸದ ಮೊಳೆಗಳನ್ನು ಬೆಂಕಿಯ ಮುಂದೆ ಕಾಯಿಸಿಕೊಂಡು ಕೆಲಸ ಮಾಡುವುದು ಹಿತವಾಗಿತ್ತು. ಹಾಗೆ ಮಾಡಿ ಇಬ್ಬರು ಕೈಗಳ ಸ್ವಾಧೀನವನ್ನೇ ಕಳೆದುಕೊಳ್ಳುವುದರಲ್ಲಿದ್ದರೆಂದು ಒಬ್ಬ ಹಿರಿಯ ಕೆಲಸಗಾರ ಅವನನ್ನು ಎಚ್ಚರಿಸಿದನು. ಆಮೇಲೆ ಮೊಳೆ ಎರೆಯುವವನೊಬ್ಬನನ್ನು ವಿಚಾರಿಸಲು, ಆವಿಯಿಂದ ಅಪಾಯವಿಲ್ಲ, ಕೈ ತೊಳೆಯದೆ ಊಟಕ್ಕೆ ಕೂರುವ ಶುಚಿಯಿಲ್ಲದ ಕೆಲಸಗಾರರು ಲೋಹದ ಕಣಗಳನ್ನು ನುಂಗುವುದರಿಂದ ಕೇಡಾಗುವುದೆಂದು ಅವನು ಹೇಳಿದನಂತೆ. ಇದನ್ನೆಲ್ಲ ಫ್ರಾಂಕ್ಲಿನ್ 1786ರಲ್ಲಿ ಒಬ್ಬ ಮಿತ್ರನಿಗೆ ಪತ್ರದಲ್ಲಿ ಬರೆದು, ಉಪಯುಕ್ತವಾದ ಸತ್ಯವೊಂದು ತಿಳಿದ ಮೇಲೂ ಆಚರಣೆಗೆ ಬರಲು ಎಷ್ಟು ಕಾಲ ಹಿಡಿಯುವುದೆಂದು ವಿಷಾದಪಟ್ಟಿದ್ದಾನೆ. ಲಿಚ್‌ಫೀಲ್ಡಿನ ಹುಡುಗ ಗುಂಡು ಎರೆದ ಕಾಲಕ್ಕೂ ಈ ಪತ್ರಕ್ಕೂ ಅಂತರ ಹತ್ತೇ ವರ್ಷ.

ಮಕ್ಕಳ ವಿಷಯದಲ್ಲಿ ಈ ಕೇಡು ಹಲವು ಪಾಲು ಹೆಚ್ಚು. ಬಾಯಿಗೆ ಹೋದ ಸೀಸದಲ್ಲಿ ದೊಡ್ಡವರ ಶರೀರ ಹೀರುವುದಕ್ಕಿಂತ ನಾಲ್ಕೈದು ಪಾಲು ಹೆಚ್ಚನ್ನು ಎಳೆಯ ಮಕ್ಕಳ ಶರೀರ ಹೀರಿಕೊಳ್ಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಅವರ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಎಲುಬಿನಲ್ಲಿ ಸೇರಿ ದಶಕಗಳ ಕಾಲ ಉಳಿಯುತ್ತದೆ. ಇಷ್ಟಿದ್ದರೆ ಬಾಧೆಯಿಲ್ಲ ಎಂದು ಹೇಳಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲ. ಅಮೆರಿಕದ ಆರೋಗ್ಯ ಇಲಾಖೆಯವರು ಮಕ್ಕಳ ರಕ್ತದಲ್ಲಿ ಎಚ್ಚರಿಕೆಗೆ ಗುರುತಾಗಿ ಇಟ್ಟಿದ್ದ ಪ್ರಮಾಣವನ್ನು 2021ರಲ್ಲಿ ಇನ್ನೂ ತಗ್ಗಿಸಿ, ಡೆಸಿಲೀಟರಿಗೆ ಮೂರೂವರೆ ಮೈಕ್ರೋಗ್ರಾಮಿಗೆ ಇಳಿಸಿದರು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು.

ಹಾಗಾದರೆ ಇದಕ್ಕೆ ಸಲಕರಣೆ ಯಾವುದು? ಅಂಗಡಿಯವನ ಪಟ್ಟಿಯಲ್ಲಿ ಕಾಣದ ಸಾಮಾನುಗಳೇ. ಮನೆಯ ವಾಸದ ಭಾಗದಿಂದ ಬೇರೆಯಾದ, ಗಾಳಿಯಾಡುವ ಒಂದು ಕೊಟ್ಟಿಗೆ. ಆ ಕೆಲಸಕ್ಕೆಂದೇ ಮೀಸಲಾದ ಒಂದು ಜೊತೆ ಬಟ್ಟೆ, ಒಂದು ಜೊತೆ ಪಾದರಕ್ಷೆ. ಸಾಬೂನು, ನೀರು. ಒಣ ಪೊರಕೆಯ ಬದಲು ಒದ್ದೆ ಬಟ್ಟೆ. ಗುಡಿಸಿದರೆ ಧೂಳು ಏಳುತ್ತದೆ, ಒರೆಸಿದರೆ ಏಳುವುದಿಲ್ಲ. ಆದರೆ ಲೋಹ ಪೂರ್ತಿ ಆರುವವರೆಗೆ ನೀರೂ ಒದ್ದೆ ಬಟ್ಟೆಯೂ ಹೊರಗೇ ಇರತಕ್ಕದ್ದು. ಅಡಿಗೆಮನೆಯಿಂದ ತಂದ ಸೌಟಾಗಲಿ ಪಾತ್ರೆಯಾಗಲಿ ಮತ್ತೆ ಅಡಿಗೆಮನೆಗೆ ಹೋಗಲೇಕೂಡದು. ನಮ್ಮ ಅಜ್ಜಿಯರು ಮಡಿಯೆಂದು ಬಟ್ಟೆಯನ್ನು ಬೇರೆ ಇಟ್ಟು, ಮಕ್ಕಳನ್ನು ಹತ್ತಿರ ಸೇರಿಸದೆ, ಮುಟ್ಟಿದರೆ ಕೈ ತೊಳೆಯುತ್ತಿದ್ದರು. ಅದನ್ನು ಕಂಡು ನಕ್ಕವರು ನಮ್ಮಲ್ಲಿ ಉಂಟು. ಸೀಸ ಎರೆಯುವವನಿಗೆ ಅಂಥ ಮಡಿಯೇ ಬೇಕು. ಭೇದವಿಷ್ಟೆ, ಇಲ್ಲಿ ಮೈಲಿಗೆಯಾದವನು ಎರೆಯುವವನು. ವರ್ಷಕ್ಕೊಮ್ಮೆಯಾದರೂ ತನ್ನ ರಕ್ತವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಈ ಮಡಿಯ ಕೊನೆಯ ಅಂಗ.

ಆದುದರಿಂದ ಕೊಳ್ಳುವ ಕ್ರಮವನ್ನು ನಾವು ಹೀಗೆ ಹೇಳುತ್ತೇವೆ. ಮೊದಲು ಸ್ಥಳ, ಸಾಬೂನು, ಕನ್ನಡಕ, ಕೈಗವಸು, ಬೇರೆ ಬಟ್ಟೆ. ಎರಡನೆಯದಾಗಿ ಶಾಖವನ್ನು ಅಳೆಯುವ ಮತ್ತು ಹಿಡಿತದಲ್ಲಿಡುವ ಸಾಮಾನು. ಮೂರನೆಯದಾಗಿ ಶುದ್ಧವಾದ ಲೋಹ. ಎಲ್ಲಕ್ಕೂ ಕಡೆಯಲ್ಲಿ ಅಚ್ಚು. ಹೊಸಬನ ಕಣ್ಣು ಮೊದಲು ಬೀಳುವುದು ಥಳಥಳಿಸುವ ಅಚ್ಚಿನ ಮೇಲೆ. ಆ ಕ್ರಮವನ್ನು ತಲೆಕೆಳಗು ಮಾಡಿದವನೇ ಜಾಣ. ಮೊದಲನೆಯ ಸಾಲಿನ ಸಾಮಾನುಗಳಿಗೆ ಸ್ಥಳವಿಲ್ಲದ ಮನೆಯಲ್ಲಿ, ಅಥವಾ ತೆವಳುವ ಮಗುವಿನಿಂದ ಕೊಟ್ಟಿಗೆಯನ್ನು ದೂರವಿಡಲಾಗದ ಮನೆಯಲ್ಲಿ, ಉಳಿದ ಮೂರನ್ನೂ ಕೊಳ್ಳದಿರುವುದೇ ಸರಿಯಾದ ಆಯ್ಕೆ.

ಸೀಸದ ಗುಂಡಿನ ಕಾಲವೇ ಕೆಲವೆಡೆ ಮುಗಿಯುತ್ತ ಬಂದಿದೆ. ಸೀಸದ ಚೂರುಗಳಿರುವ ಬೇಟೆಯ ಮಾಂಸವನ್ನು ತಿಂದು ಕಾಂಡರ್ ಎಂಬ ದೊಡ್ಡ ಹದ್ದುಗಳು ಸಾಯುತ್ತಿದ್ದುದನ್ನು ಕಂಡು ಕ್ಯಾಲಿಫೋರ್ನಿಯಾದವರು ಮೊದಲು ಆ ಹದ್ದುಗಳ ಪ್ರದೇಶದಲ್ಲಿಯೂ, 2019ರ ಜುಲೈ ತಿಂಗಳಿಂದ ಪ್ರಾಂತದ ಎಲ್ಲೆಡೆಯೂ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿದರು. ನಮ್ಮ ದೇಶವೂ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿತು. ಆದರೆ ಬ್ಯಾಟರಿಗಳ ಸೀಸ ಇನ್ನೂ ನಮ್ಮ ಊರುಗಳ ಸಂದಿಗಳಲ್ಲಿ ಕರಗುತ್ತಲೇ ಇದೆ. ಅದನ್ನು ಕರಗಿಸುವವನ ಮಕ್ಕಳು ಪಕ್ಕದಲ್ಲಿಯೇ ಆಡುತ್ತಿರುತ್ತಾರೆ. ಅವನಿಗೆ ಉಷ್ಣಮಾಪಕವೂ ಇಲ್ಲ, ಬೇರೆ ಬಟ್ಟೆಯೂ ಇಲ್ಲ. ವಿನೋದಕ್ಕಾಗಿ ಸೀಸವನ್ನು ಮುಟ್ಟುವವನು ಇಷ್ಟೆಲ್ಲ ಎಚ್ಚರ ವಹಿಸಬೇಕಾದರೆ, ಹೊಟ್ಟೆಪಾಡಿಗಾಗಿ ಮುಟ್ಟುವವನ ಕೈಗೆ ಸಾಬೂನನ್ನೂ ನೀರನ್ನೂ ಒದಗಿಸುವ ಹೊಣೆ ಯಾರದೆಂಬುದನ್ನು ಶ್ರೋತೃಗಳು ಯೋಚಿಸಬೇಕೆಂದು ಕೋರಿ ಈ ಭಾಷಣವನ್ನು ಮುಗಿಸುತ್ತೇವೆ.